ಅಂಕ ಕೊಡಬೇಕಾದ್ದು ರೋಗಿಯ ಹಾಸಿಗೆಯ ಪಕ್ಕದಲ್ಲಿ

ಮಾನ್ಯ ಸಂಪಾದಕರೇ,

ಮೈಸೂರು ಮತ್ತು ಮಂಡ್ಯದ ದೊಡ್ಡ ಆಸ್ಪತ್ರೆಗಳ ವಾರ್ಡುಗಳಲ್ಲಿ ಬಿಳಿ ಕೋಟು ತೊಟ್ಟು, ಫೈಲು ಹಿಡಿದು ಓಡಾಡುವ ಹುಡುಗ ಹುಡುಗಿಯರೆಲ್ಲ ಡಾಕ್ಟರಿಕೆ ಓದುವವರಲ್ಲ. ಅವರಲ್ಲಿ ಫಾರ್ಮ್ ಡಿ (ಡಾಕ್ಟರ್ ಆಫ್ ಫಾರ್ಮಸಿ) ವಿದ್ಯಾರ್ಥಿಗಳೂ ಇರುತ್ತಾರೆ. ಭಾರತೀಯ ಫಾರ್ಮಸಿ ಪರಿಷತ್ತು 2008ರಲ್ಲಿ ನಿಯಮಾವಳಿ ಹೊರಡಿಸಿ ಆರಂಭಿಸಿದ ಆರು ವರ್ಷದ ಕೋರ್ಸು ಇದು. ಐದು ವರ್ಷ ಪಾಠ, ಆರನೆಯ ವರ್ಷ ಪೂರ್ತಿ ಇಂಟರ್ನ್‌ಶಿಪ್: ಆರು ತಿಂಗಳು ಜನರಲ್ ಮೆಡಿಸಿನ್, ಉಳಿದ ಆರು ತಿಂಗಳು ಬೇರೆ ಮೂರು ವಿಭಾಗಗಳಲ್ಲಿ ಎರಡೆರಡು ತಿಂಗಳು. ಡಾಕ್ಟರು ಬರೆದ ಔಷಧಿ ಈ ರೋಗಿಗೆ, ಈ ತೂಕಕ್ಕೆ, ಈ ಮೂತ್ರಪಿಂಡಕ್ಕೆ ಹೊಂದುತ್ತದೆಯೇ, ರೋಗಿ ಅದನ್ನು ಸರಿಯಾಗಿ ತಗೊಳ್ಳುತ್ತಿದ್ದಾನೆಯೇ ಎಂದು ನೋಡುವುದು ಇವರು ಕಲಿಯಬೇಕಾದ ಕೆಲಸ. ಕ್ಲಿನಿಕಲ್ ಫಾರ್ಮಸಿ ಎಂಬ ವಿಷಯ ದೇಶದಲ್ಲಿ ಮೊದಮೊದಲು ಬೇರುಬಿಟ್ಟ ಊರುಗಳಲ್ಲಿ ಮೈಸೂರೂ ಒಂದು. ಆ ಕಾರಣಕ್ಕೇ ಇಲ್ಲಿ ಈ ಮಾತು ಎತ್ತುವುದು ಸರಿ ಎನಿಸುತ್ತದೆ.

ನಮ್ಮ ತಕರಾರು ಒಂದೇ. ವಾರ್ಡಿನಲ್ಲಿ ಕಲಿಯುವ ವಿದ್ಯೆಗೆ ಅಂಕ ಬೀಳುತ್ತಿರುವುದು ಹೆಚ್ಚಿನ ಕಡೆ ಫೈಲಿಗೆ. ಇಷ್ಟು ಕೇಸು ಬರೆದುಕೊಂಡು ಬನ್ನಿ ಎಂದು ಸಂಖ್ಯೆ ನಿಗದಿಯಾಗುತ್ತದೆ. ವಿದ್ಯಾರ್ಥಿ ಕೇಸ್ ಶೀಟಿನಲ್ಲಿದ್ದದ್ದನ್ನು ನಕಲು ಮಾಡುತ್ತಾನೆ, ಅಂತರ್ಜಾಲದಿಂದ ಕಾಯಿಲೆಯ ವಿವರಣೆ ಸೇರಿಸುತ್ತಾನೆ, ಬೈಂಡ್ ಮಾಡಿಸಿ ಕೊಡುತ್ತಾನೆ. ಕೊನೆಗೊಂದು ವೈವಾ. ರೋಗಿಯ ಜೊತೆ ಅವನು ಮಾತಾಡಿದ್ದನ್ನು ಪಕ್ಕದಲ್ಲಿ ನಿಂತು ನೋಡಿದವರು ಯಾರೂ ಇರುವುದಿಲ್ಲ. ಫೈಲು ಎಷ್ಟೇ ಅಚ್ಚುಕಟ್ಟಾಗಿದ್ದರೂ ಆ ಹುಡುಗನಿಗೆ ಇನ್ಸುಲಿನ್ ಹಾಕುವುದನ್ನು ಹೇಳಿಕೊಡಲು ಬರುತ್ತದೆಯೇ ಎಂಬುದು ಅದರಿಂದ ಗೊತ್ತಾಗುವುದಿಲ್ಲ.

ಪಕ್ಕದಲ್ಲಿ ನಿಂತು ನೋಡಿ ಅಂಕ ಕೊಡುವುದಕ್ಕೆ ನಿಯಮ ಅಡ್ಡಿಯಾಗಿಲ್ಲ. 2008ರ ನಿಯಮಾವಳಿಯ ಪ್ರಕಾರ ಇಂಟರ್ನ್‌ಗಳಿಗೆ ಐದು ಬಾಬ್ತುಗಳಲ್ಲಿ 0ಯಿಂದ 5ರವರೆಗೆ ಅಂಕ ಕೊಡಬೇಕು: ಪ್ರತಿ ಕೇಸಿಗೆ ಬೇಕಾದ ತಿಳಿವಳಿಕೆ, ಸೇವೆ ಒದಗಿಸುವ ಕೌಶಲ, ಹೊಣೆಗಾರಿಕೆ ಮತ್ತು ಸಮಯಪಾಲನೆ, ಡಾಕ್ಟರು ಹಾಗೂ ನರ್ಸುಗಳ ಜೊತೆ ತಂಡವಾಗಿ ದುಡಿಯುವುದು, ಸ್ವಂತ ಉತ್ಸಾಹ. ಯಾವುದೇ ಬಾಬ್ತಿನಲ್ಲಿ 3ಕ್ಕಿಂತ ಕಡಿಮೆ ಬಂದರೆ ತರಬೇತಿ ತೃಪ್ತಿಕರವಲ್ಲ ಎಂದೇ ಅರ್ಥ. ಆದರೆ 3 ಅಂದರೆ ಎಷ್ಟು, 4 ಅಂದರೆ ಎಷ್ಟು ಎಂಬುದಕ್ಕೆ 'ಸರಾಸರಿ', 'ಸರಾಸರಿಗಿಂತ ಮೇಲೆ' ಎಂಬಂಥ ಮಾತುಗಳಷ್ಟೇ ಇವೆ. ಪೋಸ್ಟಿಂಗ್ ಮುಗಿಯುವ ದಿನ ಫಾರಂ ಮುಂದೆ ಬಂದಾಗ ಎಲ್ಲರಿಗೂ 4 ಬಿದ್ದುಬಿಡುತ್ತದೆ. 2 ಕೊಟ್ಟರೆ ಹುಡುಗನ ವರ್ಷ ಹಾಳು, ಮನೆಯವರು ಬಂದು ನಿಲ್ಲುತ್ತಾರೆ, ಕೈಯಲ್ಲಿ ಪುರಾವೆಯೂ ಇರುವುದಿಲ್ಲ. ಪುರಾವೆ ಕೂಡಿಡುವ ವ್ಯವಸ್ಥೆ ವರ್ಷದ ಮೊದಲ ವಾರದಿಂದಲೇ ಇರಬೇಕು ಎಂಬುದು ನಮ್ಮ ಒತ್ತಾಯ. ಅದು ಹೇಗೆ ಎನ್ನುವುದಕ್ಕೆ ಮೊದಲು, ಅಳೆಯಬೇಕಾದ ಕೆಲಸ ಎಂಥದ್ದು ಎಂದು ಹೇಳಬೇಕು.

ಬೆಳಗಿನ ರೌಂಡ್ಸ್‌ಗೆ ಒಂದೂವರೆ ಗಂಟೆ ಮೊದಲು ವಿದ್ಯಾರ್ಥಿ ವಾರ್ಡಿನಲ್ಲಿರಬೇಕು. ಹೊಸಬರಿಗೆ ಮೂರು ರೋಗಿಗಳು ಸಾಕು. ಹದಿನೈದು ಕೊಟ್ಟರೆ ನಕಲು ಮಾಡುವುದನ್ನಷ್ಟೇ ಕಲಿಯುತ್ತಾನೆ. ಮೊದಲು ಕೇಸ್ ಶೀಟು, ಆಮೇಲೆ ಲ್ಯಾಬ್ ವರದಿ, ಆಮೇಲೆ ಔಷಧಿ ಚಾರ್ಟು, ಕೊನೆಗೆ ಸಿಸ್ಟರುಗಳು ಬರೆದ ಟಿಪ್ಪಣಿ. ಈ ಕೊನೆಯದನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ. ಚಾರ್ಟಿನಲ್ಲಿರುವುದು ಡಾಕ್ಟರು ಬರೆದದ್ದು. ರಾತ್ರಿ ರೋಗಿ ವಾಂತಿ ಮಾಡಿಕೊಂಡ, ಹತ್ತು ಗಂಟೆಯ ಡೋಸ್ ಕೊಡಲಾಗಲಿಲ್ಲ, ಡ್ರಿಪ್ ಸೂಜಿ ಕಿತ್ತುಹೋಗಿ ಆಂಟಿಬಯೋಟಿಕ್ ಮೂರು ಗಂಟೆ ತಡವಾಯಿತು ಎಂಬುದೆಲ್ಲ ಸಿಗುವುದು ನರ್ಸಿಂಗ್ ಟಿಪ್ಪಣಿಯಲ್ಲಿ. ಔಷಧಿ ಕೆಲಸ ಮಾಡುತ್ತಿಲ್ಲ, ಬದಲಿಸೋಣ ಎಂದು ರೌಂಡ್ಸ್‌ನಲ್ಲಿ ಚರ್ಚೆ ನಡೆಯುವಾಗ, ಸರ್, ನಿನ್ನೆ ಎರಡು ಡೋಸ್ ಹೋಗೇ ಇಲ್ಲ ಎಂದು ಹೇಳಬಲ್ಲವನು ಆ ತಂಡಕ್ಕೆ ಬೇಕಾದವನು.

ಆಮೇಲೆ ರೋಗಿಯ ಜೊತೆ ಮಾತು. ಮನೆಯಲ್ಲಿ ಏನೇನು ಮಾತ್ರೆ ನುಂಗುತ್ತಿದ್ದರು ಎಂಬ ಪಟ್ಟಿ ತಯಾರಿಸುವುದಕ್ಕೆ ಕನಿಷ್ಠ ಎರಡು ಮೂಲ ಬೇಕು: ಒಂದು ರೋಗಿ ಅಥವಾ ಮನೆಯವರ ಮಾತು, ಇನ್ನೊಂದು ಅವರ ಔಷಧಿ ಕವರು ಅಥವಾ ಹಳೆಯ ಚೀಟಿ. "ಬೇರೆ ಮಾತ್ರೆ ಏನಾದ್ರೂ ತಗೋತೀರಾ?" ಎಂದು ಕೇಳಿದರೆ "ಇಲ್ಲ" ಎಂಬ ಉತ್ತರವೇ ಬರುತ್ತದೆ. ಬಿಡಿಸಿ ಕೇಳಬೇಕು. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಏನಾದರೂ ತರಿಸುತ್ತೀರಾ, ನಾಟಿ ಔಷಧಿ ಇದೆಯಾ, ಕಷಾಯ, ಭಸ್ಮ, ಕಣ್ಣಿನ ಡ್ರಾಪ್ಸ್, ಪಂಪು, ಸೂಜಿ, ನಿದ್ದೆ ಮಾತ್ರೆ? ಬಿಪಿ ಮಾತ್ರೆಯ ವಿಷಯದಲ್ಲಿ ಆಗಾಗ ಕಾಣುವ ಎಡವಟ್ಟು ಒಂದಿದೆ. ಡಾಕ್ಟರು ಬರೆದ ಟೆಲ್ಮಾ 40 ಕವರಿನಲ್ಲಿರುತ್ತದೆ, ಜನೌಷಧಿ ಅಂಗಡಿಯಲ್ಲಿ ಕಡಿಮೆ ದುಡ್ಡಿಗೆ ಕೊಂಡ ಟೆಲ್ಮಿಸಾರ್ಟಾನ್ 40 ಕೂಡ ಅದೇ ಕವರಿನಲ್ಲಿರುತ್ತದೆ. ಬಣ್ಣ ಬೇರೆ, ಸ್ಟ್ರಿಪ್ ಬೇರೆ, ಒಳಗಿನ ಔಷಧಿ ಒಂದೇ. ಎರಡನ್ನೂ ನುಂಗುವ ಅಜ್ಜಿ ತಲೆಸುತ್ತಿ ಬಿದ್ದು ಆಸ್ಪತ್ರೆ ಸೇರುತ್ತಾಳೆ. ಕವರನ್ನು ಹಾಸಿಗೆಯ ಮೇಲೆ ಸುರಿಸಿ ಒಂದೊಂದೇ ಸ್ಟ್ರಿಪ್ ತಿರುಗಿಸಿ ಓದುವ ವಿದ್ಯಾರ್ಥಿಗೆ ಇದು ಐದು ನಿಮಿಷದಲ್ಲಿ ಸಿಗುತ್ತದೆ. ಕೇಸ್ ಶೀಟಿನಿಂದ ನಕಲು ಮಾಡುವವನಿಗೆ ಎಂದೂ ಸಿಗುವುದಿಲ್ಲ.

ಮುಂದಿನದು ಸಮಸ್ಯೆ ಗುರುತಿಸುವುದು. ಇಲ್ಲಿ ಮೊಬೈಲ್ ಆ್ಯಪ್ ಎಲ್ಲರನ್ನೂ ದಾರಿ ತಪ್ಪಿಸುತ್ತಿದೆ. ಹತ್ತು ಔಷಧಿಯ ಹೆಸರು ತುಂಬಿದರೆ ಹದಿನಾಲ್ಕು ಇಂಟರಾಕ್ಷನ್ (ಒಂದು ಔಷಧಿ ಇನ್ನೊಂದರ ಕೆಲಸಕ್ಕೆ ಕೈಹಾಕುವುದು) ತೋರಿಸುತ್ತದೆ, ವಿದ್ಯಾರ್ಥಿ ಹದಿನಾಲ್ಕನ್ನೂ ಫೈಲಿಗೆ ಇಳಿಸುತ್ತಾನೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಜೊತೆಯಾಗಿ ಕೊಡುವುದು ಬೇಕೆಂದೇ. ಅದನ್ನು 'ರಕ್ತಸ್ರಾವದ ಅಪಾಯ, ಒಂದನ್ನು ನಿಲ್ಲಿಸಿ' ಎಂದು ಕೆಂಪು ಅಕ್ಷರದಲ್ಲಿ ಬರೆದುಕೊಂಡು ಬಂದರೆ ಕಾರ್ಡಿಯಾಲಜಿಸ್ಟ್ ಮತ್ತೆ ಆ ವಿದ್ಯಾರ್ಥಿಯ ಮಾತಿಗೆ ಕಿವಿಗೊಡುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಈ ರೋಗಿಯ ಹೊಟ್ಟೆಯಲ್ಲಿ ಹಿಂದೆ ಹುಣ್ಣಾಗಿತ್ತೇ, ಹೊಟ್ಟೆಗೆ ರಕ್ಷಣೆ ಕೊಡುವ ಮಾತ್ರೆ ಬರೆದಿದ್ದಾರೆಯೇ, ಬರೆದಿದ್ದರೆ ಅದು ಒಮೆಪ್ರಜೋಲ್ ಆಗಿ ಕ್ಲೋಪಿಡೋಗ್ರೆಲ್‌ನ ಕೆಲಸ ಕುಗ್ಗಿಸುತ್ತಿದೆಯೇ ಅಥವಾ ಪ್ಯಾಂಟೊಪ್ರಜೋಲ್ ಇದೆಯೇ? ಆ್ಯಪ್ ಎಂದೂ ತೋರಿಸದ ಸಮಸ್ಯೆಗಳೂ ಇವೆ. ಬಿಪಿಗೆ ಆಮ್ಲೋಡಿಪಿನ್ 10 ಮಿಲಿಗ್ರಾಂ ಕೊಟ್ಟ ಮೇಲೆ ಕಾಲು ಊದಿಕೊಳ್ಳುತ್ತದೆ. ಊತಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಸೇರುತ್ತದೆ. ಅದರಿಂದ ಪೊಟ್ಯಾಸಿಯಂ ಇಳಿಯುತ್ತದೆ. ಪೊಟ್ಯಾಸಿಯಂಗೆ ಸಿರಪ್ ಬರುತ್ತದೆ. ಮೂರು ಬೇರೆ ಬೇರೆ ಚೀಟಿಗಳನ್ನು ತಾರೀಕಿನ ಪ್ರಕಾರ ಜೋಡಿಸಿಟ್ಟು ನೋಡಿದವರಿಗೆ ಮಾತ್ರ ಈ ಸರಪಳಿ ಕಾಣುತ್ತದೆ.

ಲೆಕ್ಕವನ್ನೂ ವಾರ್ಡಿನಲ್ಲೇ ಮಾಡಿಸಬೇಕು. 72 ವರ್ಷದ ಹೆಂಗಸು, ತೂಕ 45 ಕಿಲೋ, ಸೀರಮ್ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕಬೇಕಾದ ಕಶ್ಮಲ ರಕ್ತದಲ್ಲಿರುವ ಪ್ರಮಾಣ) 1.6 ಎಂದಿಟ್ಟುಕೊಳ್ಳಿ. ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರದಂತೆ 140ರಿಂದ ವಯಸ್ಸು ಕಳೆದು ತೂಕದಿಂದ ಗುಣಿಸಬೇಕು, ಬಂದದ್ದನ್ನು ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಬೇಕು, ಹೆಂಗಸಾದ್ದರಿಂದ ಮತ್ತೆ 0.85ರಿಂದ ಗುಣಿಸಬೇಕು. ಉತ್ತರ, ಅಂದರೆ ಮೂತ್ರಪಿಂಡ ರಕ್ತ ಶುದ್ಧಿಮಾಡುವ ವೇಗದ ಅಂದಾಜು, ನಿಮಿಷಕ್ಕೆ ಸುಮಾರು 23 ಮಿಲಿ. ರಕ್ತ ಹೆಪ್ಪುಗಟ್ಟಿದ್ದಕ್ಕೆ ಎನಾಕ್ಸಪಾರಿನ್ ಕೊಡುವುದಾದರೆ ಕಿಲೋಗೆ 1 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ ಎಂಬ ಮಾಮೂಲು ಡೋಸ್, ಈ ಉತ್ತರ 30ಕ್ಕಿಂತ ಕೆಳಗೆ ಇಳಿದಾಗ ದಿನಕ್ಕೆ ಒಂದೇ ಸಲ ಆಗಬೇಕು. ಈಗ ಎಡವುವುದು ಎಲ್ಲಿ ನೋಡಿ. ಕೇಸ್ ಶೀಟಿನಲ್ಲಿ ತೂಕ ಬರೆದಿರುವುದಿಲ್ಲ. ವಿದ್ಯಾರ್ಥಿ 60 ಕಿಲೋ ಎಂದು ಅಂದಾಜು ಹಾಕುತ್ತಾನೆ. ಉತ್ತರ 30.1 ಬರುತ್ತದೆ, ಗೆರೆಯಿಂದ ಕೂದಲೆಳೆಯಷ್ಟು ಮೇಲೆ. ಲೆಕ್ಕ ಸರಿ, ಸೂತ್ರ ಸರಿ, ಹೆಂಗಸಿಗೆ ಮಾತ್ರ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಔಷಧಿ ಸೇರಿ ರಕ್ತಸ್ರಾವದ ಅಪಾಯ. ತೂಕದ ಯಂತ್ರ ಎಳೆದು ತಂದು, ನಿಲ್ಲಿಸಿ ತೂಗಿದನೇ ಎಂಬುದಕ್ಕೆ ಅಂಕ ಇರಬೇಕು. ಕ್ರಿಯಾಟಿನಿನ್ ದಿನದಿಂದ ದಿನಕ್ಕೆ ಏರುತ್ತಲೇ ಇದ್ದರೆ ಈ ಸೂತ್ರ ನಂಬುವಂತಿಲ್ಲ ಎನ್ನುವುದೂ ಗೊತ್ತಿರಬೇಕು. ನಿನ್ನೆಯ ಮತ್ತು ಮೊನ್ನೆಯ ವರದಿ ನೋಡದೆ ಇವತ್ತಿನ ಒಂದು ಅಂಕಿ ಹಿಡಿದು ಕೂತರೆ ಪ್ರಯೋಜನವಿಲ್ಲ.

ಕಂಡುಹಿಡಿದದ್ದನ್ನು ಡಾಕ್ಟರಿಗೆ ಹೇಳುವುದು ಮತ್ತೊಂದು ವಿದ್ಯೆ. ರೋಗಿಯ ಎದುರು, ಪಿಜಿ ಓದುತ್ತಿರುವ ಡಾಕ್ಟರುಗಳ ಎದುರು, "ಡೋಸ್ ತಪ್ಪಿದೆ" ಎನ್ನುವುದು ಕೆಲಸ ಕೆಡಿಸುತ್ತದೆ. ಮೊದಲು ವಾರ್ಡಿನಲ್ಲಿ ಕಲಿಸುವ ಅಧ್ಯಾಪಕರಾದ ಪ್ರಿಸೆಪ್ಟರ್‌ಗೆ ತೋರಿಸಿ, ಆಮೇಲೆ ಡ್ಯೂಟಿ ಡಾಕ್ಟರಿಗೆ, ನಾಲ್ಕು ವಾಕ್ಯದಲ್ಲಿ: ರೋಗಿ ಯಾರು, ಅಂಕಿ ಏನು, ಅಪಾಯ ಏನು, ಬದಲಿಗೆ ಏನು ಮಾಡಬಹುದು. ಬದಲಿಯನ್ನು ಹೇಳದೆ ಅಪಾಯ ಮಾತ್ರ ಹೇಳುವವನು ಅರ್ಧ ಕೆಲಸ ಮಾಡಿದಂತೆ. ಮರುದಿನ ಹೋಗಿ ಬದಲಾಯಿತೇ ಇಲ್ಲವೇ, ಆದರೆ ಫಲ ಏನಾಯಿತು ಎಂದು ನೋಡಿ ಬರೆಯುವುದನ್ನು ಬಹಳಷ್ಟು ಮಂದಿ ಮಾಡುವುದೇ ಇಲ್ಲ.

ಇನ್ಸುಲಿನ್ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ, ಏಕೆಂದರೆ ಇಲ್ಲಿನ ತಪ್ಪು ಮನೆಯಲ್ಲಿ ನಡೆಯುತ್ತದೆ, ಆಸ್ಪತ್ರೆಗೆ ಕಾಣುವುದಿಲ್ಲ. ನಮ್ಮಲ್ಲಿ ಸೀಸೆಯಲ್ಲಿ ಬರುವ ಇನ್ಸುಲಿನ್ ಹೆಚ್ಚಾಗಿ ಮಿಲಿಗೆ 40 ಯೂನಿಟ್‌ನದು, ಪೆನ್ನಿನ ಕಾರ್ಟ್ರಿಡ್ಜ್ ಮಿಲಿಗೆ 100 ಯೂನಿಟ್‌ನದು. ಕೆಂಪು ಮುಚ್ಚಳದ ಸಿರಿಂಜ್ 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 40ರ ಸೀಸೆಯಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು 0.2 ಮಿಲಿ, ಅಂದರೆ 8 ಯೂನಿಟ್ ಮಾತ್ರ. ಶುಗರ್ ಇಳಿಯುವುದಿಲ್ಲ, ಡಾಕ್ಟರು ಡೋಸ್ ಏರಿಸುತ್ತಾರೆ. ಮುಂದೆ ಯಾರೋ ಸರಿಯಾದ ಸಿರಿಂಜ್ ಕೊಟ್ಟ ದಿನ ಅದೇ ಏರಿಸಿದ ಡೋಸ್ ಪೂರ್ತಿಯಾಗಿ ಒಳಗೆ ಹೋಗುತ್ತದೆ. ತಿರುಗುಮುರುಗಾದರೆ ಇನ್ನೂ ಭಯಂಕರ: ಪೆನ್ನು ಕೆಟ್ಟಿದೆಯೆಂದು 100ರ ಕಾರ್ಟ್ರಿಡ್ಜ್‌ಗೆ ಕೆಂಪು ಸಿರಿಂಜ್ ಚುಚ್ಚಿ 20ರ ಗೆರೆಯವರೆಗೆ ಎಳೆದರೆ ಅರ್ಧ ಮಿಲಿ, ಅಂದರೆ 50 ಯೂನಿಟ್. ವಿದ್ಯಾರ್ಥಿ ರೋಗಿಯ ಸೀಸೆಯನ್ನೂ ಸಿರಿಂಜನ್ನೂ ಕೈಯಲ್ಲಿ ಹಿಡಿದು ಎರಡರ ಮೇಲಿನ ಅಂಕಿ ಒಂದೇ ಎಂದು ನೋಡಿದನೇ? ಬೇಗ ಕೆಲಸ ಮಾಡುವುದೂ ನಿಧಾನವಾಗಿ ಮಾಡುವುದೂ ಬೆರೆತ, ಹಾಲಿನ ಬಣ್ಣದ 30/70 ಇನ್ಸುಲಿನ್ ಆದರೆ ಅಂಗೈಗಳ ನಡುವೆ ಹತ್ತು ಸಲ ಉರುಳಿಸಿ ತೋರಿಸಿದನೇ? ಹೊಟ್ಟೆಯ ಮೇಲೆ ಒಂದೇ ಜಾಗಕ್ಕೆ ಚುಚ್ಚಿ ಗಂಟುಗಟ್ಟಿದೆಯೇ ಎಂದು ಮುಟ್ಟಿ ನೋಡಿದನೇ? ತೆರೆಯದ ಸೀಸೆ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ, ಫ್ರೀಜರಿನಲ್ಲಿ ಅಲ್ಲ, ಎಂದು ಹೇಳಿದನೇ? ತೆರೆದದ್ದು ಬಿಸಿಲು ತಾಗದ ತಂಪು ಜಾಗದಲ್ಲಿ ಸುಮಾರು ನಾಲ್ಕು ವಾರ, ಆಮೇಲೆ ಬೇಡ.

ಎಲ್ಲಕ್ಕಿಂತ ಮುಖ್ಯವಾಗಿ, ಊಟದ ಹೊತ್ತು ಕೇಳಿದನೇ? ಹಳೆಯ ಬಗೆಯ 30/70 ಇನ್ಸುಲಿನ್ ಹಾಕಿಕೊಂಡ ಅರ್ಧ ಗಂಟೆಯೊಳಗೆ ಊಟ ಆಗಬೇಕು. "ಬೆಳಿಗ್ಗೆ ತಿಂಡಿಗೆ ಮುಂಚೆ" ಎಂದು ಹೇಳಿ ಕಳಿಸಿದರೆ, ಮಂಡ್ಯ ಕಡೆಯ ರೈತ ಏಳು ಗಂಟೆಗೆ ಸೂಜಿ ಹಾಕಿಕೊಂಡು ಗದ್ದೆಗೆ ಹೋಗುತ್ತಾನೆ. ಅಲ್ಲಿಗೆ ಮುದ್ದೆ ಬರುವುದು ಹತ್ತು ಗಂಟೆಗೆ. ಒಂಬತ್ತು ಗಂಟೆಗೆಲ್ಲ ಬೆವರು, ಕೈನಡುಕ, ಕಣ್ಣು ಮಂಜು. ಸೂಜಿಯನ್ನು ಊಟಕ್ಕೆ ಹೊಂದಿಸಬೇಕು, ಇಲ್ಲವೇ ಊಟವನ್ನು ಸೂಜಿಗೆ ಹೊಂದಿಸಬೇಕು. ಯಾವುದು ಆಗುತ್ತದೆ ಎಂದು ಅವನನ್ನೇ ಕೇಳಬೇಕು. ಶುಗರ್ ಇಳಿದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿ, ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ ಕುಡಿ, ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇಟ್ಟುಕೋ ಎಂದು ಹೇಳಿಕೊಡಬೇಕು. ಇದನ್ನು ಕೇಳದ, ಹೇಳದ ವಿದ್ಯಾರ್ಥಿಗೆ ಇನ್ಸುಲಿನ್‌ನ ರಸಾಯನಶಾಸ್ತ್ರ ಎಷ್ಟು ಗೊತ್ತಿದ್ದರೂ ಆ ದಿನದ ಕೆಲಸದಲ್ಲಿ ಪಾಸು ಮಾಡಬಾರದು.

ಇದೆಲ್ಲ ನಡೆಯಬೇಕಾದದ್ದು ಕನ್ನಡದಲ್ಲಿ. ನಮ್ಮ ಕಾಲೇಜುಗಳಲ್ಲಿ ಕೇರಳದಿಂದ, ಉತ್ತರದ ರಾಜ್ಯಗಳಿಂದ ಬಂದವರು ಬಹಳ ಮಂದಿ ಇದ್ದಾರೆ. ಅವರು ಬರಲಿ, ಚೆನ್ನಾಗಿ ಓದಲಿ. ಆದರೆ ಕನ್ನಡ ಬಲ್ಲ ಸಹಪಾಠಿ ಮಾತಾಡಿದ್ದನ್ನು ಉಳಿದ ನಾಲ್ವರು ತಂತಮ್ಮ ಫೈಲಿಗೆ ಇಳಿಸಿಕೊಂಡು ಐವರೂ ಅಂಕ ಪಡೆಯುವ ಪದ್ಧತಿ ನಿಲ್ಲಬೇಕು. ವಾರ್ಡಿಗೆ ಕಾಲಿಡುವ ಮೊದಲೇ ಔಷಧಿಗೆ ಸಂಬಂಧಪಟ್ಟ ಮಾತುಕತೆಯ ಕನ್ನಡ ಕಲಿಸಿ ಅದಕ್ಕೊಂದು ಮೌಖಿಕ ಪರೀಕ್ಷೆ ಇಡಬೇಕು. ಬರಿಹೊಟ್ಟೆಗೆ, ಊಟ ಆದಮೇಲೆ, ಎರಡು ಹೊತ್ತು, ದಿನ ಬಿಟ್ಟು ದಿನ, ತಲೆಸುತ್ತು, ಎದೆ ಉರಿ, ಮೈ ತುರಿಕೆ ಮುಂತಾದ ಇನ್ನೂರು ಮುನ್ನೂರು ಮಾತು ಬಂದರೆ ಆರಂಭಕ್ಕೆ ಸಾಕು. ಕನ್ನಡ ಹುಡುಗರಿಗೂ ಇದು ಬೇಕು. ಮೈಸೂರಿನ ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು "ಎಂಪ್ಟಿ ಸ್ಟಮಕ್‌ನಲ್ಲಿ ತಗೊಳ್ಳಿ" ಎಂದರೆ ಪಾಂಡವಪುರದ ಅಜ್ಜಿಗೆ ಏನೂ ತಲುಪುವುದಿಲ್ಲ.

ಹೇಳಿದ್ದು ತಲುಪಿತೇ ಎಂದು ನೋಡುವ ರೀತಿಯೂ ಇದೆ. "ಅರ್ಥ ಆಯ್ತಾ ಅಜ್ಜಿ?" ಎಂದರೆ "ಹೂಂ ಕಣವ್ವ, ಆಯ್ತು" ಎಂದೇ ಎಲ್ಲರೂ ಹೇಳುವುದು. ಹಾಗೆ ಕೇಳಬಾರದು. "ಮನೇಲಿ ಸೊಸೆ ಕೇಳಿದ್ರೆ ಈ ಮಾತ್ರೆ ಹೆಂಗೆ ತಗೋಬೇಕು ಅಂತ ಹೇಳ್ತೀರಾ ಅಜ್ಜಿ? ನಂಗೆ ಒಂದ್ಸಲ ಹೇಳಿ, ನಾನು ಸರಿಯಾಗಿ ಹೇಳಿಕೊಟ್ಟಿದ್ದೀನಾ ನೋಡ್ತೀನಿ" ಎನ್ನಬೇಕು. ತಪ್ಪು ಹೇಳಿದರೆ ಮತ್ತೆ ಬೇರೆ ಮಾತಿನಲ್ಲಿ ವಿವರಿಸಿ ಮತ್ತೆ ಹೇಳಿಸಬೇಕು. ಪರೀಕ್ಷಕರು ಗಮನಿಸಬೇಕಾದದ್ದು ಈ ಎರಡನೆಯ ಸುತ್ತನ್ನು.

ಉಬ್ಬಸದ ಪಂಪಿನಲ್ಲಿ ವಿದ್ಯಾರ್ಥಿಗಳೇ ತಪ್ಪುವುದು ಹೆಚ್ಚು. ಗ್ಯಾಸಿನ ಇನ್ಹೇಲರ್ ಆದರೆ ಅಲ್ಲಾಡಿಸಿ, ಉಸಿರು ಪೂರ್ತಿ ಹೊರಬಿಟ್ಟು, ತುಟಿ ಬಿಗಿಹಿಡಿದು, ನಿಧಾನವಾಗಿ ಉಸಿರೆಳೆದುಕೊಳ್ಳಲು ಶುರುಮಾಡಿದ ಕೂಡಲೇ ಒತ್ತಬೇಕು. ಪುಡಿಯ ರೋಟಾಹೇಲರ್ ಆದರೆ ಇದಕ್ಕೆ ವಿರುದ್ಧವಾಗಿ ಜೋರಾಗಿ, ಆಳವಾಗಿ ಒಂದೇ ಸಲ ಎಳೆಯಬೇಕು. ಎರಡರಲ್ಲೂ ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು, ಸ್ಟೀರಾಯ್ಡ್ ಇದ್ದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಎರಡಕ್ಕೂ 'ನಿಧಾನವಾಗಿ ಎಳೆಯಿರಿ' ಎಂದು ಹೇಳಿಕೊಡುವವರು ಸಾಕಷ್ಟಿದ್ದಾರೆ. ಹಾಗೆ ಮಾಡಿದರೆ ಪುಡಿ ಗಂಟಲಲ್ಲೇ ಉಳಿಯುತ್ತದೆ. ಕ್ಯಾಪ್ಸೂಲ್ ಯಂತ್ರಕ್ಕೆ ಹಾಕುವುದು, ನುಂಗುವುದಲ್ಲ, ಎಂದು ಬಾಯಿಬಿಟ್ಟು ಹೇಳದೆ ಕಳಿಸಿದರೆ ನುಂಗುವವರು ಇದ್ದೇ ಇದ್ದಾರೆ.

ಈಗ ಅಳೆಯುವ ವಿಧಾನಕ್ಕೆ ಬರೋಣ. ಒಂದು ದೊಡ್ಡ ಪರೀಕ್ಷೆಗಿಂತ ಹತ್ತು ಸಣ್ಣ ನೋಟ ಮೇಲು. ಒಂದು ಕೇಸಿನಲ್ಲಿ ಚೆನ್ನಾಗಿ ಮಾಡಿದವನು ಇನ್ನೊಂದರಲ್ಲೂ ಹಾಗೇ ಮಾಡುತ್ತಾನೆ ಎನ್ನುವಂತಿಲ್ಲ. ಉಬ್ಬಸದ ರೋಗಿಯನ್ನು ಚೆನ್ನಾಗಿ ನೋಡಿದವನು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನುಂಗುವ ರೋಗಿಯ ಮುಂದೆ ಮುಗ್ಗರಿಸಬಹುದು. ಆದ್ದರಿಂದ ಎರಡು ತಿಂಗಳ ಪ್ರತಿ ಪೋಸ್ಟಿಂಗ್‌ನಲ್ಲಿ ಕನಿಷ್ಠ ಎಂಟು ಸಲ, ಕನಿಷ್ಠ ಮೂವರು ಬೇರೆ ಬೇರೆ ಅಧ್ಯಾಪಕರು, ತಲಾ ಹದಿನೈದು ನಿಮಿಷ ವಿದ್ಯಾರ್ಥಿಯ ಕೆಲಸವನ್ನು ಮೂಕರಾಗಿ ನಿಂತು ನೋಡಲಿ. ಔಷಧಿ ಇತಿಹಾಸ ಕೇಳುವುದು ಎರಡು ಸಲ, ಡಿಸ್ಚಾರ್ಜ್ ಮಾತುಕತೆ ಎರಡು ಸಲ, ಚಾರ್ಟು ಪರಿಶೀಲನೆ ಎರಡು ಸಲ, ಡಾಕ್ಟರಿಗೆ ಸಲಹೆ ಒಂದು ಸಲ, ಅಡ್ಡಪರಿಣಾಮದ ವರದಿ ಒಂದು ಸಲ. ನೋಡಿದ ಕೂಡಲೇ ವಾರ್ಡಿನ ಹೊರಗೆ, ರೋಗಿಗೆ ಕೇಳಿಸದ ಕಡೆ, ಐದು ನಿಮಿಷ ಮಾತು. ಮೊದಲು ವಿದ್ಯಾರ್ಥಿಯೇ ಹೇಳಲಿ, ಎಲ್ಲಿ ಸರಿಹೋಯಿತು, ಎಲ್ಲಿ ತಪ್ಪಿತು. ಆಮೇಲೆ ನೋಡಿದವರು ನಾಳೆ ಬದಲಿಸಬೇಕಾದ ಒಂದೇ ಒಂದು ಸಂಗತಿ ಹೇಳಲಿ, ಅದನ್ನು ಲಾಗ್‌ಬುಕ್ಕಿನಲ್ಲಿ ಬರೆದು ತಾರೀಕು ಹಾಕಲಿ. 'ಚೆನ್ನಾಗಿದೆ, ಇನ್ನೂ ಓದಬೇಕು' ಎಂದು ಬರೆಯುವುದರಿಂದ ಯಾರಿಗೂ ಏನೂ ಆಗುವುದಿಲ್ಲ. 'ಸಿರಿಂಜಿನ ಮೇಲಿನ ಅಂಕಿ ನೋಡಲಿಲ್ಲ' ಎಂದು ಬರೆದರೆ ನಾಳೆ ನೋಡುತ್ತಾನೆ.

ಪರಿಷತ್ತಿನ 0–5ರ ಅಂಕಕ್ಕೂ ಅರ್ಥ ಕೊಡಬಹುದು, ನಿಯಮ ಮುಟ್ಟದೆಯೇ. ಎಷ್ಟರಮಟ್ಟಿಗೆ ಈ ವಿದ್ಯಾರ್ಥಿಯನ್ನು ನಂಬಿ ಕೆಲಸ ಬಿಟ್ಟುಕೊಡಬಹುದು ಎಂಬುದನ್ನೇ ಅಳತೆಯಾಗಿಟ್ಟುಕೊಳ್ಳಿ. ನೋಡುವುದಕ್ಕಷ್ಟೇ ಬಿಡಬಹುದಾದರೆ 1. ಪ್ರಿಸೆಪ್ಟರ್ ಪಕ್ಕದಲ್ಲೇ ನಿಂತು ಮಧ್ಯೆ ಮಧ್ಯೆ ಬಾಯಿ ಹಾಕಬೇಕಾದರೆ 2. ತಾನೇ ಮಾಡಿ ಮುಗಿಸಿ ಆಮೇಲೆ ತೋರಿಸಿದರೆ ಸಾಕು ಎನ್ನುವಂತಿದ್ದರೆ 3. ಕೇಳಿದಾಗ ಮಾತ್ರ ಸಹಾಯ ಬೇಕಾದರೆ 4. ಕಿರಿಯರಿಗೆ ಕಲಿಸಬಲ್ಲನಾದರೆ 5. ಹೀಗೆ ಇಟ್ಟರೆ 3ರ ಗೆರೆಗೆ ಅರ್ಥ ಬರುತ್ತದೆ, ಎಲ್ಲರಿಗೂ 4 ಕೊಡುವ ಅಧ್ಯಾಪಕರಿಗೆ 'ಈ ಹುಡುಗಿಯನ್ನು ಒಬ್ಬಳೇ ಬಿಟ್ಟು ಹೋಗಬಲ್ಲೆನೇ' ಎಂಬ ಪ್ರಶ್ನೆ ಎದುರಾಗುತ್ತದೆ.

ಕೆಲವು ತಪ್ಪುಗಳನ್ನು ಸರಾಸರಿಯಲ್ಲಿ ಮುಳುಗಿಸಬಾರದು. ಕೀಲುವಾತಕ್ಕೆ ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ದಿನಾ ತಗೊಳ್ಳಿ ಎಂದು ಹೇಳಿದರೆ, ಅಥವಾ ವಾರದ ಯಾವ ದಿನ ಎಂದು ಹೆಸರಿಟ್ಟು ಬರೆದುಕೊಡದಿದ್ದರೆ, ಉಳಿದ ಹತ್ತೊಂಬತ್ತು ಅಂಶ ಸರಿಯಿದ್ದರೂ ಆ ನೋಟ ನಪಾಸು. ದಿನಾ ನುಂಗಿದವರ ರಕ್ತಕಣಗಳು ಕುಸಿದು ಪ್ರಾಣಕ್ಕೇ ಸಂಚಕಾರ ಬರುತ್ತದೆ. ಪೆನಿಸಿಲಿನ್ ಅಲರ್ಜಿ ಕೇಳದೆ ಚಾರ್ಟು ಪಾಸು ಮಾಡುವುದು, ಇನ್ಸುಲಿನ್ ಸಿರಿಂಜ್ ಹೊಂದಿಸಿ ನೋಡದಿರುವುದು ಇದೇ ಸಾಲಿಗೆ ಸೇರುತ್ತವೆ. ಇಂಥ ತಪ್ಪುಗಳ ಪಟ್ಟಿಯನ್ನು ವರ್ಷಾರಂಭದಲ್ಲೇ ವಿದ್ಯಾರ್ಥಿಗಳ ಕೈಗೆ ಕೊಡಬೇಕು.

ವಿದ್ಯಾರ್ಥಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತ ಒಂದೊಂದು ಕಡೆ ಒಂದೊಂದು ಕೆಲಸ ಮಾಡಿ ತೋರಿಸುವ ಪರೀಕ್ಷೆ, ಅಂದರೆ ಓಸ್ಕಿ, 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಜೊತೆಗಾರರು ಪ್ರಕಟಿಸಿದ ಪದ್ಧತಿ. ಅದು ವಾರ್ಡಿನ ನೋಟಕ್ಕೆ ಬದಲಿಯಲ್ಲ, ಪೂರಕ. ಮಾಡುವುದಾದರೆ ಸರಿಯಾಗಿ ಮಾಡಬೇಕು. ರೋಗಿಯ ಪಾತ್ರ ಮಾಡುವವರಿಗೆ ಒಂದೇ ಕಥೆ ಕೊಟ್ಟು ಎರಡು ಸಲ ತಾಲೀಮು ಮಾಡಿಸದಿದ್ದರೆ ಬೆಳಗಿನ ಬ್ಯಾಚಿಗೆ ಒಂದು ಪರೀಕ್ಷೆ, ಮಧ್ಯಾಹ್ನದವರಿಗೆ ಇನ್ನೊಂದಾಗುತ್ತದೆ. ಮುಗಿಸಿದವರನ್ನೂ ಕಾಯುವವರನ್ನೂ ಒಂದೇ ಕಾರಿಡಾರಿನಲ್ಲಿ ಬಿಡಬಾರದು. ಬರೀ ಟಿಕ್ ಪಟ್ಟಿ ಇಟ್ಟರೆ ರೋಗಿಯ ಮುಖ ನೋಡದೆ ಗಿಳಿಪಾಠ ಒಪ್ಪಿಸಿದವನಿಗೆ ಪೂರ್ತಿ ಅಂಕ ಬಂದುಬಿಡುತ್ತದೆ. ಪಟ್ಟಿಯ ಜೊತೆಗೆ ಒಟ್ಟಾರೆ ಅಭಿಪ್ರಾಯಕ್ಕೂ ಜಾಗ ಇರಲೇಬೇಕು.

ಅಡ್ಡಪರಿಣಾಮದ ವರದಿಯಲ್ಲಿ ತೊಂದರೆಗೆ ಔಷಧಿಯೇ ಕಾರಣವೇ ಎಂದು ಅಂಕ ಹಾಕಿ ಅಳೆಯುವ ನರಂಜೊ ಮಾಪಕದ ಹತ್ತು ಪ್ರಶ್ನೆಗಳನ್ನು ಕಣ್ಣುಮುಚ್ಚಿ ತುಂಬುವ ಚಾಳಿ ಇದೆ. ವೈರಲ್ ಜ್ವರದ ಮಗುವಿಗೆ ಪೆನಿಸಿಲಿನ್ ಗುಂಪಿನ ಅಮಾಕ್ಸಿಸಿಲಿನ್ ಕೊಟ್ಟ ಮೇಲೆ ಮೈಮೇಲೆ ಗುಳ್ಳೆ ಎದ್ದವು ಎನ್ನಿ. 'ಬೇರೆ ಕಾರಣ ಇರಬಹುದೇ' ಎಂಬ ಪ್ರಶ್ನೆಗೆ 'ಇಲ್ಲ' ಎಂದರೆ +2, 'ಹೌದು' ಎಂದರೆ −1. ಜ್ವರವೇ ಗುಳ್ಳೆ ಎಬ್ಬಿಸಬಲ್ಲದು ಎಂದು ಯೋಚಿಸದೆ 'ಇಲ್ಲ' ಹಾಕಿದರೆ 3 ಇರಬೇಕಾದ ಮೊತ್ತ 6 ಆಗುತ್ತದೆ, 'ಸಾಧ್ಯ' ಎನ್ನಬೇಕಾದದ್ದು 'ಸಂಭವನೀಯ' ಆಗುತ್ತದೆ. ಆ ಮಗುವಿನ ದಾಖಲೆಯಲ್ಲಿ ಪೆನಿಸಿಲಿನ್ ಅಲರ್ಜಿ ಎಂಬ ಮಾತು ಜೀವನಪರ್ಯಂತ ಉಳಿದುಬಿಡುತ್ತದೆ. ವರದಿಯ ಸಂಖ್ಯೆಗೆ ಅಂಕ ಕೊಡುವುದನ್ನು ಬಿಟ್ಟು ಒಂದು ವರದಿಯ ತರ್ಕಕ್ಕೆ ಕೊಡಿ.

ಡಿ ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ವಿದ್ಯಾರ್ಥಿಗಳ ಬಗ್ಗೆಯೂ ಒಂದು ಮಾತು. ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ 500 ಗಂಟೆ ತರಬೇತಿ, ಅದರಲ್ಲಿ 250 ಗಂಟೆ ಚೀಟಿ ನೋಡಿ ಔಷಧಿ ಕೊಡುವ ಕೆಲಸವೇ ಆಗಿರಬೇಕು ಎಂದು ನಿಯಮವಿದೆ. ಪರಿಚಯದ ಅಂಗಡಿಯಿಂದ ಸೀಲು ಹಾಕಿಸಿಕೊಂಡು ಬಂದ ಪತ್ರ ಸಾಕು ಎಂಬ ರೂಢಿ ಹೋಗಬೇಕು. ಕಾಲೇಜಿನವರು ಮುನ್ಸೂಚನೆ ಇಲ್ಲದೆ ಅಂಗಡಿಗೆ ಹೋಗಿ ಅರ್ಧ ಗಂಟೆ ಕೌಂಟರಿನ ಬಳಿ ನಿಂತರೆ ಎಲ್ಲ ತಿಳಿಯುತ್ತದೆ.

ರೋಗಿಗಳ ಗೌಪ್ಯತೆಗೂ ಅಂಕ ಬೇಕು. ಕೇಸ್ ಶೀಟಿನ ಫೋಟೋ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ಇವತ್ತು ಮಾಮೂಲಾಗಿದೆ. ಹೆಸರು, ಆಸ್ಪತ್ರೆ ಸಂಖ್ಯೆ, ಎಚ್‌ಐವಿ ವರದಿ ಎಲ್ಲ ಅದರಲ್ಲಿರುತ್ತದೆ. ಹಾಸಿಗೆಯ ಬಳಿ ಹೋದಾಗ 'ನಾನು ಫಾರ್ಮಸಿ ವಿದ್ಯಾರ್ಥಿ, ಮಾತಾಡಬಹುದಾ' ಎಂದು ಕೇಳಬೇಕು. ರೋಗಿ ಬೇಡ ಎಂದರೆ ವಾಪಸು ಬರಬೇಕು. ಈ ಊರಿನ ಓದುಗರೂ ನೆನಪಿಡಿ, ಬೇಡ ಎನ್ನುವ ಹಕ್ಕು ನಿಮಗಿದೆ. ಚಿಕಿತ್ಸೆಗೆ ಅದರಿಂದ ಏನೂ ತೊಂದರೆಯಾಗಬಾರದು.

ಇಷ್ಟೆಲ್ಲ ಮಾಡಲು ಅಧ್ಯಾಪಕರಿಗೆ ಪುರುಸೊತ್ತು ಬೇಕು. ಒಂದು ಕಾಲೇಜಿನಲ್ಲಿ ಫಾರ್ಮ್ ಡಿಗೆ ವರ್ಷಕ್ಕೆ 30 ಸೀಟು. ನಾಲ್ಕು, ಐದು, ಆರನೆಯ ವರ್ಷದವರು ಸೇರಿದರೆ ಆಸ್ಪತ್ರೆಯಲ್ಲಿ 90 ಮಂದಿ. ಇಂಟರ್ನ್‌ಗಳು 30 ಮಂದಿಗೆ ಎರಡು ತಿಂಗಳಲ್ಲಿ ತಲಾ ಎಂಟು ನೋಟ ಎಂದರೆ 240. ಮಾತುಕತೆ, ಬರವಣಿಗೆ ಸೇರಿ ಒಂದಕ್ಕೆ 25 ನಿಮಿಷ ಹಿಡಿದರೆ 100 ಗಂಟೆ. ಐವರು ಅಧ್ಯಾಪಕರು ಹಂಚಿಕೊಂಡರೆ ಒಬ್ಬೊಬ್ಬರಿಗೆ ವಾರಕ್ಕೆ ಎರಡೂವರೆ ಗಂಟೆಯೂ ಆಗುವುದಿಲ್ಲ. ಆಗದ ಮಾತೇನೂ ಅಲ್ಲ. ಆದರೆ ಅದೇ ಅಧ್ಯಾಪಕರನ್ನು ಬೆಳಿಗ್ಗೆ ಥಿಯರಿ ಕ್ಲಾಸಿಗೆ, ಮಧ್ಯಾಹ್ನ ತಪಾಸಣೆಯ ಕಡತ ತುಂಬುವುದಕ್ಕೆ ಕರೆಯುತ್ತಿದ್ದರೆ ಈ ಎರಡೂವರೆ ಗಂಟೆಯೇ ಮೊದಲು ಕೊಚ್ಚಿಹೋಗುತ್ತದೆ. ಪ್ರಾಂಶುಪಾಲರು ವೇಳಾಪಟ್ಟಿಯಲ್ಲೇ ಅದನ್ನು ಬರೆದಿಡಬೇಕು. ಮೆಡಿಸಿನ್ ವಿಭಾಗದ ಮುಖ್ಯಸ್ಥರು ರೌಂಡ್ಸ್‌ನ ಕೊನೆಗೆ ಹತ್ತು ನಿಮಿಷ ಫಾರ್ಮಸಿಯವರಿಗೆ ಬಿಡಬೇಕು. ವಿಶ್ವವಿದ್ಯಾಲಯಗಳು ಕೇಸ್ ಫೈಲಿನ ಸಂಖ್ಯೆ ಕಡಿಮೆ ಮಾಡಿ, ತಾರೀಕು ಮತ್ತು ಸಹಿ ಇರುವ ನೋಟದ ಹಾಳೆಗಳನ್ನು ಅಂತಿಮ ಪರೀಕ್ಷೆಯಲ್ಲಿ ಹಾಜರುಪಡಿಸುವುದು ಕಡ್ಡಾಯ ಎಂದು ಸುತ್ತೋಲೆ ಹೊರಡಿಸಬೇಕು. ಹೊರಗಿನಿಂದ ಬರುವ ಪರೀಕ್ಷಕರು ಮೊದಲು ಆ ಹಾಳೆಗಳನ್ನು ಕೇಳಲಿ, ಬೈಂಡ್ ಮಾಡಿದ ಫೈಲನ್ನು ಆಮೇಲೆ ತೆರೆಯಲಿ.

— ಕ್ಲಿನಿಕಲ್ ಫಾರ್ಮಸಿ ಬೋಧಕರು, ಮೈಸೂರು ಮತ್ತು ಮಂಡ್ಯ